ಕಪ್ಪೆ ಹೇಳಿದ ಬಸಿರು

ವಾಸಿಯಾಯಿತಲ್ಲ ತಾಯಿ, ಇನ್ನೂ ಯಾಕೆ ಅದೇ ರಾಗ ಎಂದು ಕೇಳುವವರು ನಮ್ಮೂರಲ್ಲೂ ಇದ್ದಾರೆ, ನನ್ನ ತವರಲ್ಲೂ ಇದ್ದಾರೆ. ಅವರಿಗೆ ಉತ್ತರ ಕೊಡುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಬದುಕಿ ಉಳಿದವರೆಲ್ಲ ನಗುನಗುತ್ತಾ ಇರಬೇಕೆಂದು ಯಾರು ಕಾನೂನು ಮಾಡಿದರೋ ನನಗೆ ಗೊತ್ತಿಲ್ಲ. ಇದನ್ನು ಬರೆಯುತ್ತಿರುವುದು ಯಾರಿಗೂ ಧೈರ್ಯ ಹೇಳಲಿಕ್ಕಲ್ಲ. ನನ್ನ ಹತ್ತಿರ ಅಷ್ಟು ಧೈರ್ಯ ಇಲ್ಲ. ಎಲ್ಲೋ ಒಂದು ಆಸ್ಪತ್ರೆಯ ಬೆಂಚಿನ ಮೇಲೆ, ಬಾಯಿ ತುಂಬ ಹುಣ್ಣು ಮಾಡಿಕೊಂಡು, ಗುಟುಕು ನೀರಿಗೂ ಹೆದರಿ ಕೂತಿರುವ ಹೆಂಗಸು ಇದನ್ನು ಓದಿ, ತನ್ನಂಥವಳೊಬ್ಬಳು ತನಗಿಂತ ಮೊದಲೇ ಅಲ್ಲಿ ಕೂತಿದ್ದಳು ಎಂದು ತಿಳಿದರೆ ಸಾಕು.

ನನ್ನ ತವರು ಕೃಷ್ಣರಾಜಪೇಟೆಯ ಕಡೆ. ಪೇಟೆಯ ಮಿಡ್ಲ್ ಸ್ಕೂಲಿನಲ್ಲಿ ಓದಿದವಳು, ಅಷ್ಟರಮಟ್ಟಿಗೆ ಬರೆಯಲು ಬರುತ್ತದೆ. ಕೊಟ್ಟಿದ್ದು ಬೆಳಗೊಳದ ಹತ್ತಿರದ ಊರಿಗೆ. ನಾಲೆ ನೀರಿನ ಗದ್ದೆ, ಒಬ್ಬನೇ ಮಗ, ಹುಡುಗಿ ಸುಖವಾಗಿರುತ್ತಾಳೆ ಎಂದು ನಮ್ಮಪ್ಪ ಹೇಳಿದ್ದ. ನನ್ನ ಗಂಡ ನಂಜೇಗೌಡ ಮಾತು ಕಡಿಮೆಯ ಮನುಷ್ಯ. ಅದಕ್ಕೆಲ್ಲ ಸೇರಿಸಿ ಅತ್ತೆ ಕೆಂಪಮ್ಮನೇ ಮಾತಾಡುತ್ತಿದ್ದಳು.

ಮದುವೆಯಾಗಿ ನಾಲ್ಕು ವರ್ಷ ಹೊಟ್ಟೆ ತುಂಬಲಿಲ್ಲ. ಆಮೇಲೆ ತುಂಬಿದ್ದು ವಿಪರೀತ ತುಂಬಿತು. ನಾಲ್ಕು ತಿಂಗಳಿಗೇ ಆರು ತಿಂಗಳ ಬಸುರಿಯ ಹಾಗೆ ಕಾಣುತ್ತಿದ್ದೆ. "ಅವಳಿ ಕಣ್ರವ್ವಾ, ನನ್ನ ಸೊಸೆ ಅವಳಿ ಎರ್ತಾಳೆ" ಎಂದು ಅತ್ತೆ ಬಾವಿಕಟ್ಟೆಯಲ್ಲಿ ಡಂಗುರ ಹೊಡೆದಳು. ಒಂದು ದಿನ ಕೊಟ್ಟಿಗೆ ಬಾಚುತ್ತಿದ್ದಾಗ ರಕ್ತ ಹೋಗಲು ಶುರುವಾಯಿತು, ನಿಲ್ಲಲಿಲ್ಲ. ಬೆಳಗೊಳದಲ್ಲಿ ರೈಲು ಹತ್ತಿಸಿ ಮೈಸೂರಿನ ದೊಡ್ಡಾಸ್ಪತ್ರೆಗೆ ಒಯ್ದರು.

ಒಳಗಿದ್ದುದು ಮಗುವಲ್ಲ. ದ್ರಾಕ್ಷಿ ಗೊಂಚಲಿನ ಹಾಗೆ ನೀರುಗುಳ್ಳೆಗಳು. ಅತ್ತೆ ನಂಬದೆ ಹಟ ಮಾಡಿ ನೋಡಿದಳಂತೆ, ನೋಡಿ ಬಂದು ನನ್ನ ಮಂಚದ ಪಕ್ಕ ನೆಲಕ್ಕೆ ಕೂತವಳು ಸಾಯಂಕಾಲದವರೆಗೂ ಬಾಯಿ ಬಿಡಲಿಲ್ಲ. ಕೆಂಪಮ್ಮ ಸುಮ್ಮನಿದ್ದುದನ್ನು ನಾನು ಅವತ್ತೇ ಮೊದಲು ಕಂಡಿದ್ದು.

ಅದನ್ನು ತೆಗೆದ ಮೇಲೂ ರಕ್ತ ನಿಲ್ಲಲಿಲ್ಲ. ಲೇಡಿ ಡಾಕ್ಟರು ನನ್ನನ್ನೂ ನನ್ನ ಗಂಡನನ್ನೂ ಕೂರಿಸಿಕೊಂಡು ಹೇಳಿದರು: ಮಗುವಿಗೆ ಅನ್ನ ಕೊಡಬೇಕಾದ ಮಾಸು ಕೆಟ್ಟು ತನ್ನಷ್ಟಕ್ಕೆ ಬೆಳೆಯುತ್ತಿದೆ, ಇದೂ ಕ್ಯಾನ್ಸರಿನ ಜಾತಿಯೇ. ಕ್ಯಾನ್ಸರು ಎಂದರೆ ಆಗ ನಮ್ಮ ಕಡೆ ಸೀದಾ ಸಾವು ಎಂದೇ ಅರ್ಥ. ನನ್ನ ಗಂಡ ತಲೆಯ ಮೇಲಿನ ಟವಲು ತೆಗೆದು ಮಡಿಸಿ ತೊಡೆಯ ಮೇಲಿಟ್ಟುಕೊಂಡರು.

"ಹೆದರಬೇಡಿ. ಇದೊಂದಕ್ಕೆ ಮಾತ್ರೆಯಲ್ಲೇ ವಾಸಿಯಾಗೋ ಮದ್ದು ಬಂದಿದೆ" ಎಂದರು ಡಾಕ್ಟರು. ಸಣ್ಣ ಹಳದಿ ಮಾತ್ರೆ. "ಆದರೆ ಈ ಮಾತ್ರೆಗೆ ಕಣ್ಣಿಲ್ಲ ಕಣಮ್ಮ. ಬೇಗ ಬೇಗ ಬೆಳೆಯೋದು ಏನಿದ್ದರೂ ಅದನ್ನ ಹಿಡಿದು ಒಣಗಿಸುತ್ತೆ. ನಿನ್ನ ಕಾಯಿಲೆ ಎಲ್ಲಕ್ಕಿಂತ ಬೇಗ ಬೆಳೆಯೋದು, ಅದಕ್ಕೆ ಜಾಸ್ತಿ ಏಟು. ಬಾಯೊಳಗಿನ ಚರ್ಮ, ಕೂದಲ ಬೇರು, ಮೈಯ ರಕ್ತ, ಇವೂ ದಿನಾ ಬೆಳೆಯೋವೇ. ಅವಕ್ಕೂ ಬೀಳುತ್ತೆ. ಅದಕ್ಕೇ ಐದು ದಿನ ಕೊಟ್ಟು ನಿಲ್ಲಿಸಿ, ನೀನು ಸುಧಾರಿಸಿಕೊಂಡ ಮೇಲೆ ಮತ್ತೆ ಕೊಡ್ತೀವಿ."

"ಕಳೆ ಕೀಳಕ್ಕೋದಾಗ ಪೈರೂ ವಸಿ ಕಿತ್ಕೊಂಡ್ ಬರ್ತದಲ್ಲ, ಅಂಗೆ ಕಣಮ್ಮಿ" ಎಂದರು ನನ್ನ ಗಂಡ.

ಬಾಗಿಲಲ್ಲಿ ನಿಂತಿದ್ದ ಅತ್ತೆ ಬೇರೆಯೇ ಲೆಕ್ಕ ಹಾಕುತ್ತಿದ್ದಳು. "ಬೆಳೆಯದ್ನೆಲ್ಲಾ ಒಣಗಿಸ್ತದೆ ಅಂತೀರಿ. ನಾಳೆ ಒಟ್ಟೇಲಿ ಕೂಸು ಬೆಳೆದ್ರೆ ಅದ್ನೂ ಒಣಗಿಸಾಕ್ತದಾ?"

"ಹಾಕುತ್ತೆ. ಅದಕ್ಕೇ ಎರಡು ವರ್ಷ ಇವಳು ಬಸಿರಾಗಬಾರದು" ಎಂದರು ಡಾಕ್ಟರು. ಅತ್ತೆ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ಮಾತ್ರೆ ನುಂಗಿದ ಮೂರನೆಯ ದಿನ ನಾಲಿಗೆ ದಪ್ಪಗಾಯಿತು. ವಾರ ತುಂಬುವ ಹೊತ್ತಿಗೆ ತುಟಿ, ಕೆನ್ನೆಯ ಒಳಗು, ಗಂಟಲು ಎಲ್ಲ ಬಿರಿದು ಹುಣ್ಣಾದವು. ನಮ್ಮ ಕಡೆ ಮುದ್ದೆ ಅಗಿಯುವವರಿಲ್ಲ, ಮುರಿದು ಸಾರಲ್ಲಿ ಅದ್ದಿ ನುಂಗುವುದು. ನುಂಗುವುದೇ ಆಗದಿದ್ದರೆ ತಿನ್ನುವುದೇನು? ಉಪ್ಪು ತಾಕಿದರೆ ಜೀವ ಹೋಗುತ್ತಿತ್ತು. ಉಗುಳು ನುಂಗಲಾರದೆ ಪಕ್ಕದಲ್ಲಿ ಚಟ್ಟಿ ಇಟ್ಟುಕೊಂಡು ಕೂರುತ್ತಿದ್ದೆ. ಕಣ್ಣೆದುರು ಊಟ ಮಾಡುತ್ತಿದ್ದವರ ಮೇಲೆ ಎಂಥ ಸಿಟ್ಟು ಬರುತ್ತಿತ್ತೆಂದರೆ, ತಟ್ಟೆ ಒದ್ದು ಬಿಡೋಣ ಅನ್ನಿಸುತ್ತಿತ್ತು.

ಆಗ ಅತ್ತೆ ಮಾಡಿದ್ದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಉಪ್ಪಿಲ್ಲದ ರಾಗಿ ಅಂಬಲಿಯನ್ನು ಮಜ್ಜಿಗೆ ಬೆರೆಸಿ ತೆಳ್ಳಗೆ ಮಾಡಿ, ಎರಡು ಪಾತ್ರೆಗೆ ಆಚೆಗೀಚೆಗೆ ಸುರಿದು ತಣಿಸಿ, ಒಳಲೆಯಲ್ಲಿ ತುಂಬಿ ನನ್ನ ಬಾಯಿಗೆ ಬಿಡುತ್ತಿದ್ದಳು. ಒಳಲೆ ಎಂದರೆ ಎಳೆ ಕೂಸಿಗೆ ಹಾಲು ಕುಡಿಸುವ ಮೂತಿಯ ಬಟ್ಟಲು. ಅವಳಿ ಮೊಮ್ಮಕ್ಕಳಿಗೆಂದು ಅವಳು ಶ್ರೀರಂಗಪಟ್ಟಣದ ಅಂಗಡಿಯಿಂದ ಮೊದಲೇ ತಂದಿಟ್ಟಿದ್ದು ಅದು. ಕುಡಿಸುವಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಕೂದಲು ಬಾಚಣಿಗೆಯಲ್ಲಿ ಕಂತೆ ಕಂತೆ ಬಂತು. ಅಕ್ಕಪಕ್ಕದವರು ಕಂಡಾರೆಂದು ಅತ್ತೆ ಅದನ್ನೆಲ್ಲ ಬಳಿದು ತಿಪ್ಪೆಯ ಅಡಿಗೆ ಹೂತಳು. ನನ್ನ ಜಡೆಯನ್ನು ತಿಪ್ಪೆಗೆ ಹಾಕಿದಳಲ್ಲ ಎಂದು ನಾನು ಅವತ್ತು ಜಗಳ ತೆಗೆದೆ. ಜಗಳವಾಡಲು ಬಾಯಿ ಬರುತ್ತಿರಲಿಲ್ಲ, ಬರೀ ಕೈ ಬೀಸಿದೆ.

ಇನ್ನು ಕಪ್ಪೆಯ ವಿಷಯ. ಮದ್ದು ಹಿಡಿಯುತ್ತಿದೆಯೇ ಇಲ್ಲವೇ ಎಂದು ನೋಡಲು ಆಗ ಕಪ್ಪೆಯೇ ಗತಿ. ನನ್ನ ಉಚ್ಚೆಯನ್ನು ಒಂದು ಗಂಡು ಕಪ್ಪೆಯ ಬೆನ್ನಿಗೆ ಚುಚ್ಚಿ, ಕೆಲವು ಗಂಟೆ ಬಿಟ್ಟು ಅದರ ಉಚ್ಚೆಯಲ್ಲಿ ವೀರ್ಯ ಬಂದಿದೆಯೇ ಎಂದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಿದ್ದರು. ಬಂದಿದ್ದರೆ ಕಪ್ಪೆ ಹೂಂ ಅಂದ ಹಾಗೆ. ಊರ ಹೆಂಗಸರಿಗೆ ಬಸಿರು ನಿಂತಿದೆಯೇ ಎಂದು ತಿಳಿಯಲೂ ಅದೇ ಪರೀಕ್ಷೆ. ನನ್ನ ಕಾಯಿಲೆ ಬಸಿರಿನ ರಸವನ್ನೇ ಸುರಿಸುತ್ತದಂತೆ, ಅದಕ್ಕೆ ನನಗೂ ಅದೇ. ಬಸುರಿಯಾದವಳಿಗೆ ಕಪ್ಪೆ ಹೂಂ ಅಂದರೆ ಸಂಭ್ರಮ, ನನಗೆ ಉಹೂಂ ಅಂದರೆ ಸಂಭ್ರಮ.

ಬೇಸಿಗೆಯಲ್ಲಿ ಆಸ್ಪತ್ರೆಯವರಿಗೆ ಕಪ್ಪೆ ಸಿಕ್ಕುವುದು ಕಷ್ಟವಾಯಿತು. ಲ್ಯಾಬಿನ ಮರಿಯಪ್ಪ ನನ್ನ ಗಂಡನನ್ನು ಕೇಳಿದ: "ಗೌಡ್ರೆ, ನಿಮ್ದು ನಾಲೆ ಗದ್ದೆ ಅಲ್ವಾ? ಒಂದೆರಡು ಗಂಡು ಕಪ್ಪೆ ತಂದ್ಕೊಡಿ, ನಿಮ್ಮ ಕೆಲಸಾನೂ ಬೇಗ ಆಗ್ತದೆ." ಅಂದಿನಿಂದ ತಿಂಗಳು ತಿಂಗಳೂ ನನ್ನ ಗಂಡ ಗದ್ದೆಯ ಬದುವಿನಲ್ಲಿ ಕಪ್ಪೆ ಹಿಡಿದು, ಕುಡಿಕೆಯಲ್ಲಿ ಒದ್ದೆ ಗೋಣಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ರೈಲಿಗೆ ತರುತ್ತಿದ್ದರು. ರೈಲು ಡಬ್ಬಿಯಲ್ಲಿ ಅದು ವಟಗುಟ್ಟಿದರೆ ಜನ ತಿರುಗಿ ನೋಡುತ್ತಿದ್ದರು.

"ಏನ್ಲಾ ನಂಜಾ, ಎಂಡ್ತಿಗೆ ಉಪ್ಸಾರು ಮಾಡಕ್ಕೆ ಕಪ್ಪೆ ಒಯ್ತಿದ್ದೀಯಾ?" ಎಂದು ಊರಿನವನೊಬ್ಬ ರೇಗಿಸಿದ.

"ಔದು ಕಣ್ಲಾ, ಮಿಕ್ಕುದ್ರೆ ನಿನಗೂ ತತ್ತೀನಿ" ಎಂದು ಇವರು ಮುಖ ಅತ್ತ ತಿರುಗಿಸಿದರು. ಮನೆಯಲ್ಲಿ ನಾಲ್ಕು ಮಾತಾಡದ ಮನುಷ್ಯ ನನಗೋಸ್ಕರ ರೈಲಿನಲ್ಲಿ ಮಾತು ಕಲಿತಿದ್ದರು.

ಐದಾರು ಸುತ್ತು ಮಾತ್ರೆಯ ಮೇಲೆ ಕಪ್ಪೆ ಸುಮ್ಮನಾಯಿತು. ಮುಂದಿನ ತಿಂಗಳೂ ಸುಮ್ಮನಿತ್ತು. ಬಾಯಿ ವಾಸಿಯಾಗಿ ಮೊದಲ ಸಲ ಮುದ್ದೆ ನುಂಗಿದ ದಿನ ನಾನು ಅತ್ತುಬಿಟ್ಟೆ. ತಲೆಯ ಮೇಲೆ ಕರಡಿ ಮರಿಯಂತೆ ಕೂದಲು ಮೂಡಿತು. ಆ ನೆಮ್ಮದಿಯಲ್ಲೇ ಅತ್ತೆಯ ಇನ್ನೊಂದು ರಾಗ ಶುರುವಾಯಿತು. ನಾಗಮಂಗಲದ ಕಡೆ ಒಂದು ಹೆಣ್ಣಿದೆಯಂತೆ, ಬಡವರಂತೆ, ಎರಡನೆಯ ಸಂಬಂಧಕ್ಕೂ ಒಪ್ಪುತ್ತಾರಂತೆ. ನನಗೆ ಕೇಳಲೆಂದೇ ಒಲೆಯ ಮುಂದೆ ಹೇಳುತ್ತಿದ್ದಳು. "ವಂಶ ಅಳಿಸಿಬುಡಾನ ಅಂತೀಯೇನಪ್ಪ?" ಎಂದು ಮಗನನ್ನು ಕೇಳುತ್ತಿದ್ದಳು. ಮಗ ಉತ್ತರ ಕೊಡುತ್ತಿರಲಿಲ್ಲ. ಬೇಡ ಎನ್ನದ ಆ ಮೌನ ನನ್ನನ್ನು ಹುಣ್ಣಿಗಿಂತ ಹೆಚ್ಚಾಗಿ ತಿಂದಿತು.

ಹೀಗಿರುವಾಗ ಒಂದು ತಿಂಗಳು ಮುಟ್ಟು ನಿಂತಿತು. ಬೆಳಗಾಗೆದ್ದರೆ ವಾಕರಿಕೆ. ಎದೆ ಬಿಗಿಯಿತು. ಒಗ್ಗರಣೆಯ ವಾಸನೆಗೆ ಹೊಟ್ಟೆ ತೊಳೆಸಿ ಹಿತ್ತಿಲಿಗೆ ಓಡಿದೆ. ಅತ್ತೆ ಸೌಟು ಹಿಡಿದುಕೊಂಡೇ ನನ್ನ ಹಿಂದೆ ಬಂದು ನಿಂತಳು. ಅವತ್ತಿನಿಂದ ನಾಗಮಂಗಲದ ಹೆಸರು ಎತ್ತಲಿಲ್ಲ.

ಆ ಸಲದ ಕಪ್ಪೆಯನ್ನು ನನ್ನ ಗಂಡ ಬಹಳ ಹುಡುಕಿ ಹಿಡಿದರು. ನಾವು ಲ್ಯಾಬಿನ ಹೊರಗಿನ ಬೆಂಚಿನಲ್ಲಿ ಮಧ್ಯಾಹ್ನದವರೆಗೆ ಕೂತಿದ್ದೆವು. ಮರಿಯಪ್ಪ ಬಾಗಿಲಿಂದ ತಲೆ ಹಾಕಿ ಹೇಳಿದ: "ಗೌಡ್ರೆ, ನಿಮ್ ಗದ್ದೆ ಕಪ್ಪೆ ಹೂಂ ಅಂತು." ಅವನಿಗೆ ದಿನವೂ ಬರುವ ಬಸುರಿಯರಿಗೆ ಹೇಳಿ ಅಭ್ಯಾಸ, ನಕ್ಕುಕೊಂಡೇ ಹೇಳಿದ. ನನ್ನ ಗಂಡ ನನ್ನ ಕೈ ಹಿಡಿದುಕೊಂಡರು. ಹೊರಗೆ, ಜನರೆದುರು, ಅವರು ನನ್ನ ಕೈ ಹಿಡಿದಿದ್ದು ಅದೊಂದೇ ಸಲ.

ಡಾಕ್ಟರು ನಗಲಿಲ್ಲ. "ಇದು ಮಗು ಅಲ್ಲಮ್ಮ. ಕಾಯಿಲೆ ಮರುಕಳಿಸಿರೋದೇ ಹೆಚ್ಚು. ಕಪ್ಪೆಗೆ ತಿಳಿಯೋದು ಆ ರಸ ಮಾತ್ರ, ಅದನ್ನ ಸುರಿಸ್ತಿರೋದು ಮಗುವೋ ಕಾಯಿಲೆಯೋ ಅದಕ್ಕೆ ತಿಳಿಯಲ್ಲ. ಇವತ್ತೇ ಸೇರಿಕೋ, ಮಾತ್ರೆ ಶುರು ಮಾಡೋಣ."

ನನ್ನ ಗಂಡ ನಿಧಾನವಾಗಿ ಕೇಳಿದರು: "ಕೂಸು ಅಲ್ವೇ ಅಲ್ಲ ಅಂತ ಯೋಳ್ಬುಡಿ ತಾಯಿ. ಈಗ್ಲೇ ಸೇರಿಸ್ಬುಟ್ಟು ಓಯ್ತೀನಿ."

ಡಾಕ್ಟರು ಚೀಟಿ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ಅಲ್ವೇ ಅಲ್ಲ ಅಂತ ಈಗಲೇ ಆಣೆ ಮಾಡಕ್ಕಾಗಲ್ಲಪ್ಪ. ಆದರೆ ಕಾಯೋ ಹಾಗಿಲ್ಲ. ಕಾದರೆ ಇವಳ ಜೀವಕ್ಕೆ ಬರುತ್ತೆ."

ಸುಳ್ಳು ಹೇಳಿದ್ದರೆ ಚೆನ್ನಾಗಿತ್ತು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ಅವರು ಸತ್ಯ ಹೇಳುವ ಹೆಂಗಸು. ಆ ಸತ್ಯದ ಬಿರುಕಿನಲ್ಲಿ ನಾವಿಬ್ಬರೂ, ಆಮೇಲೆ ಅತ್ತೆಯೂ ತೂರಿಕೊಂಡೆವು. ಮನೆಯಲ್ಲಿ ಕೇಳಿಕೊಂಡು ಬರುತ್ತೇವೆ ಎಂದು ಹೇಳಿ ಸಂಜೆಯ ರೈಲು ಹಿಡಿದೆವು.

"ಬೆಳೆಯದ್ನೆಲ್ಲಾ ಒಣಗಿಸ್ತದೆ ಅಂತ ಆ ಯಮ್ಮನೇ ಯೋಳಿಲ್ವಾ? ಒಟ್ಟೇಲಿರೋ ಕೂಸ್ಗೆ ಇಸ ಉಯ್ಯಿ ಅಂತೀರಾ?" ಎಂದಳು ಅತ್ತೆ. "ಆಸ್ಪತ್ರೆ ಕಪ್ಪೆ ಆಗಿದ್ರೆ ನಾನೂ ನಂಬ್ತಿರ್ನಿಲ್ಲ. ನಮ್ಮ ಗದ್ದೇಲಿ ನಮ್ಮ ನೀರು ಕುಡ್ಕೊಂಡು ಬೆಳ್ದಿರೋದು, ನಮ್ಗೇ ಸುಳ್ಳು ಯೋಳ್ತದಾ?"

ನಾವು ಆಸ್ಪತ್ರೆಗೆ ಮರಳಲಿಲ್ಲ. ಓದಿದ ನೀನು ಇದಕ್ಕೆ ಹೇಗೆ ಬಿದ್ದೆ ಎಂದು ಕೇಳುವವರು ಒಂದು ತಿಂಗಳು ನನ್ನ ಮೈಯಲ್ಲಿ ಇದ್ದು ನೋಡಬೇಕಿತ್ತು. ಡಾಕ್ಟರ ಮಾತು ಕಿವಿಯಲ್ಲಿತ್ತು, ಬಸಿರು ಮೈಯೆಲ್ಲ ಇತ್ತು. ಹುಣಿಸೆಕಾಯಿ ಕಂಡರೆ ಬಾಯಲ್ಲಿ ನೀರು. ಎದೆ ನೋವು. ಮಧ್ಯಾಹ್ನವಾದರೆ ನಿದ್ದೆ. ಯಾವ ಹೆಂಗಸು ತಾನೇ ತನ್ನ ಮೈ ಸುಳ್ಳು ಹೇಳುತ್ತಿದೆ ಎಂದುಕೊಳ್ಳುತ್ತಾಳೆ? ಒಂದು ಕಡೆ ನನ್ನ ಜೀವ, ಒಂದು ಕಡೆ ಮಗು ಎಂದು ಎಲ್ಲರೂ ತೂಗಿ ನೋಡುತ್ತಿದ್ದರು. ನನಗೆ ಅವೆರಡೂ ಬೇರೆ ಬೇರೆ ಎನ್ನಿಸಿರಲಿಲ್ಲ.

ಮೂರು ತಿಂಗಳಾಯಿತೆಂದು ನಮ್ಮವ್ವ ಕೃಷ್ಣರಾಜಪೇಟೆಯಿಂದ ಬಸ್ಸು ಬದಲಾಯಿಸಿಕೊಂಡು ಹೂವು, ಚಿಗಳಿ ಉಂಡೆ, ಹುಳಿ ತಂದಳು. ಶ್ರೀರಂಗಪಟ್ಟಣದಿಂದ ಬಳೆ ಸಾಬರನ್ನು ಕರೆಸಿದರು. ಅವರು ಬಳೆ ಹೊರುವ ಮಲಾರ ಬಿಚ್ಚಿ, ಹಸಿರು ಬಳೆ ಆರಿಸಿ, ನನ್ನ ಗೆಣ್ಣು ಮೆತ್ತಗೆ ಅದುಮಿ ಒಂದೊಂದೇ ತೊಡಿಸಿದರು. ಬಸುರಿಗೆ ಒಂದು ಕೈಗೆ ಒಂದು ಬಳೆ ಹೆಚ್ಚು ಹಾಕುವುದು ನಮ್ಮ ಕಡೆಯ ಪದ್ಧತಿ. ಎಡಗೈಗೆ ಆ ಒಂದನ್ನು ಏರಿಸುತ್ತಾ, "ಇದು ಕೂಸಿಂದು ಕಣವ್ವ. ಅಲ್ಲಾ ಚೆನ್ನಾಗಿ ಇಟ್ಟಿರ್ಲಿ" ಎಂದರು. ಅತ್ತೆ ನನ್ನ ಮೋಟು ಕೂದಲಿಗೆ ಹೂವು ನಿಲ್ಲದೆ ದಾರ ಕಟ್ಟಿ ಮುಡಿಸಿದಳು. ನನ್ನ ಜೀವನದಲ್ಲಿ ನಾನು ತುಂಬ ಸಂತೋಷವಾಗಿದ್ದ ದಿನ ಯಾವುದು ಎಂದರೆ ನಾಚಿಕೆಯಿಲ್ಲದೆ ಅದೇ ಎನ್ನುತ್ತೇನೆ.

ಹೂವು ಬಾಡಿದ ಎರಡು ವಾರಕ್ಕೆ ಕೆಮ್ಮು ಹತ್ತಿತು. ಸೀರೆಯ ಸೆರಗಿನಲ್ಲಿ ಬಾಯಿ ಒರೆಸಿದರೆ ರಕ್ತ. ಹೊಟ್ಟೆ ಮುಂದೆ ಬರುವ ಬದಲು ಬೆನ್ನಿಗೆ ಅಂಟಿತ್ತು. ಆಮೇಲೆ ಕೆಳಗೂ ರಕ್ತ ಶುರುವಾಯಿತು. ಗಾಡಿಯಲ್ಲಿ ಹುಲ್ಲು ಹಾಸಿ ಸ್ಟೇಷನ್ನಿಗೆ ಒಯ್ಯುವಾಗ ಅತ್ತೆ ಗಾಡಿಯ ಹಿಂದೆ ನಡೆದು ಬಂದಳು. "ಕೂಸು ಓದ್ರೆ ಓಗ್ಲಿ, ನನ್ನ ಮಗೀನ ಉಳಿಸಪ್ಪಾ" ಎಂದು ಯಾವ ದೇವರನ್ನೋ ಬೇಡುತ್ತಿದ್ದಳು. ಮಗು ಎಂದದ್ದು ನನ್ನನ್ನು.

ಎದೆಯ ಎಕ್ಸ್‌ರೇ ತೆಗೆದರು. ಡಾಕ್ಟರು ಅದನ್ನು ಕಿಟಕಿಗೆ ಹಿಡಿದು ತೋರಿಸಿದರು, ಎರಡೂ ಕಡೆ ಬಿಳಿ ಉಂಡೆಗಳು. ಮಗು ಇರಲಿಲ್ಲ. ಯಾವತ್ತೂ ಇರಲಿಲ್ಲ. ಕಾಯಿಲೆ ಎದೆಗೆ ಹತ್ತಿ ಕೂತಿತ್ತು. ನನ್ನ ಗಂಡ ಆ ಉಂಡೆಗಳನ್ನು ನೋಡುತ್ತಾ ನಿಂತೇ ಇದ್ದರು. ನಾನು ಗೋಡೆಗೆ ತಿರುಗಿ ಮಲಗಿದೆ. ಸತ್ತರೆ ಸಾಕು ಅನ್ನಿಸಿತು. ಇದನ್ನು ಸುತ್ತಿಬಳಸಿ ಹೇಳುವುದರಲ್ಲಿ ಅರ್ಥವಿಲ್ಲ, ನಿಜವಾಗಿ ಸಾಯಬೇಕು ಅನ್ನಿಸಿತು.

ಈ ಸಲ ಬರೀ ಹಳದಿ ಮಾತ್ರೆ ಸಾಲಲಿಲ್ಲ. ನರಕ್ಕೆ ಚುಚ್ಚುವ ಇನ್ನೊಂದು ಮದ್ದು ಸೇರಿಸಿದರು. ನರ ಹುಡುಕಲು ನರ್ಸಮ್ಮ ಬಳೆ ತೆಗೆಯಬೇಕು ಎಂದಾಗ ನಾನು ಕೈ ಎಳೆದುಕೊಂಡೆ. "ಒಡೀಬೇಡಿ" ಎಂದೆ. ಒಡೆಯುವ ಅಗತ್ಯವೇ ಬೀಳಲಿಲ್ಲ. ಸಾಬರು ಗೆಣ್ಣು ಅದುಮಿ ಅದುಮಿ ತೊಡಿಸಿದ ಬಳೆಗಳು, ಕೈ ಕೆಳಗೆ ಬಿಟ್ಟರೆ ಸಾಕು, ತಾವೇ ಜಾರಿ ಹಾಸಿಗೆಯ ಮೇಲೆ ಬಿದ್ದವು.

ಆ ಮದ್ದು ಎಂಥದೆಂದರೆ ನರದಿಂದ ಒಂದು ತೊಟ್ಟು ಆಚೆ ಹೋದರೆ ಆ ಜಾಗವನ್ನೇ ಸುಡುತ್ತದೆ. ನನ್ನ ನರಗಳು ನೂಲಿನಂತಾಗಿದ್ದವು, ಒಂದು ಸಲ ಮದ್ದು ಆಚೆ ಹೋಯಿತು. ಎಡಗೈ ಮಣಿಕಟ್ಟಿನ ಮೇಲೆ ಚರ್ಮ ಕಪ್ಪಾಗಿ ಸತ್ತು ಉದುರಿತು. ಬಾಯಿಯ ಹುಣ್ಣು ಈ ಸಲ ಗಂಟಲಿನಿಂದ ಹೊಟ್ಟೆಯವರೆಗೂ ಇಳಿಯಿತು. ಮೂಗಿನಲ್ಲಿ ರಕ್ತ, ವಸಡಿನಲ್ಲಿ ರಕ್ತ. ಕೂದಲ ಜೊತೆಗೆ ಹುಬ್ಬೂ ಹೋಯಿತು. ಕನ್ನಡಿ ಕೇಳಿದರೆ ಯಾರೂ ಕೊಡಲಿಲ್ಲ.

ಪಕ್ಕದ ಮಂಚದಲ್ಲಿ ಶ್ರೀರಂಗಪಟ್ಟಣದ ಜಟಕಾ ಹೊಡೆಯುವವರ ಹೆಂಡತಿ ಫಾತಿಮಾಬಿ ಇದ್ದಳು. ಜಾರಿ ಬಿದ್ದ ನನ್ನ ಬಳೆಗಳನ್ನು ಆರಿಸಿ, ತನ್ನ ಕರವಸ್ತ್ರದಲ್ಲಿ ಗಂಟು ಕಟ್ಟಿ ದಿಂಬಿನ ಕೆಳಗೆ ಇಟ್ಟವಳು ಅವಳೇ. ನಾನು ಅತ್ತರೆ ಎದ್ದು ಬಂದು ಕೆನ್ನೆ ಒರೆಸುತ್ತಿದ್ದಳು. "ಅರೆ ಬೆಹನ್, ಅಳ್ಬೇಡ. ಕಣ್ಣೀರು ಬಾಯಿಗೆ ಇಳೀತದೆ, ಉಪ್ಪು ಅಲ್ವಾ, ಉರೀತದೆ." ಆ ಒಂದು ಮಾತಿನಷ್ಟು ಉಪಯೋಗದ ಮಾತನ್ನು ನನಗೆ ಇನ್ಯಾರೂ ಹೇಳಲಿಲ್ಲ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಅವಳ ಹಾಸಿಗೆ ಸುತ್ತಿಟ್ಟಿದ್ದರು. ಎಲ್ಲಿ ಎಂದು ನಾನು ಆಯಾಳನ್ನು ಕೇಳಲಿಲ್ಲ.

ಎದೆಯ ಉಂಡೆಗಳು ಸಣ್ಣಗಾದವು, ಕೆಳಗಿನ ರಕ್ತ ಮಾತ್ರ ನಿಲ್ಲಲಿಲ್ಲ. ಕೊನೆಗೆ ಗರ್ಭಕೋಶ ತೆಗೆದರು. ಎಚ್ಚರವಾದಾಗ ಡಾಕ್ಟರು ಮಂಚದ ತುದಿಯಲ್ಲಿ ಕೂತಿದ್ದರು. "ಅವತ್ತೇ ಸೇರಿದ್ದರೆ ಇದು ಉಳೀತಿತ್ತಾ?" ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ಉಳೀತಿತ್ತೇನೋ" ಎಂದರು. ಈ ಸಲವೂ ಸುಳ್ಳು ಹೇಳಲಿಲ್ಲ.

ಉಳಿದಿದ್ದರೆ ಎರಡು ವರ್ಷ ಕಾದು ಒಂದು ಮಗು ಹೆರಬಹುದಿತ್ತು. ಇಲ್ಲದ ಮಗುವನ್ನು ಉಳಿಸಿಕೊಳ್ಳಲು ಹೋಗಿ, ಆಗಬಹುದಾಗಿದ್ದ ಮಗುವನ್ನು ಕಳೆದುಕೊಂಡೆವು. ಇದರ ಗೂಬೆಯನ್ನು ಅತ್ತೆಯ ಮೇಲೆ ಕೂರಿಸಲು ನಾನು ಎಷ್ಟೋ ಸಲ ನೋಡಿದ್ದೇನೆ. ಒಳಲೆ ಕಣ್ಣಿಗೆ ಬೀಳುತ್ತದೆ, ಕೈ ಬರುವುದಿಲ್ಲ.

ನನ್ನ ಗಂಡ ಆಮೇಲೆ ನಮ್ಮ ಗದ್ದೆಯ ಕಪ್ಪೆ ಒಯ್ಯಲಿಲ್ಲ. ಮರಿಯಪ್ಪ ಎಲ್ಲಿಂದಲೋ ತರಿಸಿ ನೋಡುತ್ತಿದ್ದ. ಕೊನೆಗೊಂದು ದಿನ ಬಾಗಿಲಿಗೆ ಬಂದು, ನಗದೆ, "ಏನೂ ಇಲ್ಲ ಗೌಡ್ರೆ" ಎಂದ. ಅದು ಸಿಹಿ ಸುದ್ದಿ. ಆ ಬೆಂಚಿನಲ್ಲಿ ಕೂತ ನಾವಿಬ್ಬರೂ ಸಾವಿನ ಸುದ್ದಿ ಕೇಳಿದವರ ಹಾಗೆ ಎದ್ದು ರೈಲಿಗೆ ನಡೆದೆವು. ಅತ್ತೆ ನಾಗಮಂಗಲದ ಮಾತನ್ನು ಇನ್ನೊಂದೇ ಒಂದು ಸಲ ಎತ್ತಿದಳು. "ಬ್ಯಾಡ ಕಣವ್ವ, ಬುಟ್ಬುಡು" ಎಂದರು ನನ್ನ ಗಂಡ. ಮೊದಲೇ ಹೇಳಬೇಕಿದ್ದ ಮಾತು, ಈಗ ಹೇಳಿದರು.

ಮಾರನೆಯ ವರ್ಷ ಗೌರಿಹಬ್ಬದ ಮುಂಚೆ ಬಳೆ ಸಾಬರು ನಮ್ಮೂರಿಗೆ ಬಂದರು. ಅವರಿಗೆ ಏನೂ ಗೊತ್ತಿರಲಿಲ್ಲ. ಜಗುಲಿಯ ಮೇಲೆ ಮಲಾರ ಇಳಿಸಿ, ಬೆವರು ಒರೆಸಿಕೊಂಡು, "ಕೈ ಕೊಡವ್ವ. ಓದ್ ಸಾರಿ ನಮ್ದೇ ಬಳೆ ಅಲ್ವಾ ತೊಟ್ಟಿದ್ದು. ಕೂಸೆಲ್ಲಿ, ಮನಗೈತಾ?" ಎಂದರು.

ಅತ್ತೆ ಎದ್ದು ಒಳಗೆ ಹೋದಳು. ಕಂಬದ ಹತ್ತಿರ ಹಗ್ಗ ಹೊಸೆಯುತ್ತಿದ್ದ ನನ್ನ ಗಂಡನ ಕೈ ನಿಂತಿತು. ನಾನು ಎರಡೂ ಕೈಗಳನ್ನು ಮುಂದೆ ಚಾಚಿದೆ. ಸಾಬರು ಎಡ ಮಣಿಕಟ್ಟಿನ ಕಪ್ಪು ಕಲೆ ನೋಡಿದರು, ಸೆರಗಿನ ಕೆಳಗಿನ ಮೋಟು ಕೂದಲು ನೋಡಿದರು, ಮತ್ತೇನೂ ಕೇಳದೆ ಸಣ್ಣ ಅಳತೆಯ ಬಳೆ ಹುಡುಕತೊಡಗಿದರು.

"ಎರಡು ಕೈಗೂ ಸಮ ಹಾಕಿ ಸಾಬ್ರೆ" ಎಂದೆ.